ನಮ್ಮ ಉತ್ಸವವೂ ನಮ್ಮ ಮಾಣಿಗಳೂ

ದುರ್ಗಾಪೂಜೆಯ ಸಡಗರ ಮುಗಿದು, ಪ್ರತಿಮೆಗಳು ಗಂಗೆಯ ಪಾಲಾಗಿ, ಬೀದಿಬೀದಿಗಳಲ್ಲಿ ಬಿದಿರಿನ ಚಪ್ಪರಗಳನ್ನು ಬಿಚ್ಚುವ ಸದ್ದು ಕೇಳಿಬರುವ ಈ ದಿನಗಳಲ್ಲಿಯೇ, ಕೊಲ್ಕತ್ತಾದ ಕನ್ನಡಿಗರಾದ ನಮಗೆ ನಮ್ಮ ನಾಡಹಬ್ಬದ ನೆನಪಾಗುವುದು ವಾಡಿಕೆ. ನವೆಂಬರ್ 1 ಸಮೀಪಿಸುತ್ತಿದೆ. ಹರಿದು ಹಂಚಿಹೋಗಿದ್ದ ಕನ್ನಡ ಸೀಮೆಗಳು 1956ರಲ್ಲಿ ಒಂದಾದ ದಿನವದು. 1973ರಲ್ಲಿ ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ದಿನವೂ ಅದೇ. ಆದುದರಿಂದ ಅಲ್ಲಲ್ಲಿ ಸಭೆಗಳು ಸೇರುತ್ತಿವೆ, ಚಂದಾ ಪುಸ್ತಕಗಳು ಅಚ್ಚಾಗುತ್ತಿವೆ, ಪೆಟ್ಟಿಗೆಯೊಳಗಿನ ಹಳದಿ-ಕೆಂಪು ಬಾವುಟಗಳು ಹೊರಗೆ ಬರುತ್ತಿವೆ. ಇದೆಲ್ಲವೂ ಸಂತೋಷದ ವಿಷಯವೆಂಬುದರಲ್ಲಿ ಸಂದೇಹವಿಲ್ಲ.

ಇಂತಹ ಸಭೆಯೊಂದಕ್ಕೆ ಕಳೆದ ವಾರ ನಾವೂ ಹೋಗಿ ಕುಳಿತಿದ್ದೆವು. ಎರಡು ಗಂಟೆಗಳ ಕಾಲ ಚರ್ಚೆ ನಡೆಯಿತು. ಅಧ್ಯಕ್ಷತೆಗೆ ಯಾರನ್ನು ಕರೆಯುವುದು, ಯಾರಿಗೆ ಸನ್ಮಾನ ಮಾಡುವುದು, ಶಾಲನ್ನು ಊರಿನಿಂದ ತರಿಸುವುದೋ ಇಲ್ಲಿಯೇ ಕೊಳ್ಳುವುದೋ, ಸ್ಮರಣ ಸಂಚಿಕೆಯ ಕಡೆಯ ಪುಟದ ಜಾಹೀರಾತನ್ನು ಯಾವ ಹೋಟೆಲಿನಿಂದ ಪಡೆಯುವುದು ಎಂಬ ಒಂದೊಂದು ಪ್ರಶ್ನೆಗೂ ಬೇಕಾದಷ್ಟು ಹೊತ್ತು ಹಿಡಿಯಿತು. ಕಾರ್ಯಕ್ರಮವು ಎಷ್ಟು ಗಂಟೆಗೆಂಬ ಪ್ರಶ್ನೆಗೆ ಮಾತ್ರ ಅರ್ಧ ನಿಮಿಷವೂ ಬೇಕಾಗಲಿಲ್ಲ. "ಎಂದಿನಂತೆ ಸಂಜೆ ಆರಕ್ಕೆ ಪ್ರಾರಂಭ, ಒಂಬತ್ತೂವರೆಗೆ ವಂದನಾರ್ಪಣೆ" ಎಂದರು ಒಬ್ಬರು. ಯಾರೂ ಆಕ್ಷೇಪಿಸಲಿಲ್ಲ. ಆಕ್ಷೇಪಿಸಬೇಕಾಗಿದ್ದವರು ಆ ಸಭೆಯಲ್ಲಿ ಇರಲೇ ಇಲ್ಲ. ಅವರು ಆ ಹೊತ್ತಿನಲ್ಲಿ ಕಾವಲಿಯ ಮುಂದೆ ನಿಂತು ದೋಸೆ ಹುಯ್ಯುತ್ತಿದ್ದರು. ಆ ಅರ್ಧ ನಿಮಿಷದ ತೀರ್ಮಾನವನ್ನು ಕುರಿತೇ ಇಂದಿನ ಈ ಲೇಖನ.

ಇಲ್ಲಿಂದ ಮುಂದಕ್ಕೆ ಪತ್ರಿಕೆಯವರ 'ನಾವು' ಎಂಬ ಮಾತನ್ನು ಬದಿಗಿಟ್ಟು 'ನಾನು' ಎಂದೇ ಬರೆಯುವೆನು. ಹೇಳಲಿರುವ ತಪ್ಪು ನನ್ನೊಬ್ಬನದು. ಅದನ್ನು ಹತ್ತು ಮಂದಿಯ ತಲೆಯ ಮೇಲೆ ಹಂಚುವುದು ನ್ಯಾಯವಲ್ಲ.

ಎಸ್.ಎಸ್.ಎಲ್.ಸಿ. ಮುಗಿಸಿ, ಮುಂದೆ ಓದುವ ಅನುಕೂಲವಿಲ್ಲದೆ, ಹೌರಾ ನಿಲ್ದಾಣದಲ್ಲಿ ಒಂದು ಕೈಚೀಲದೊಡನೆ ಇಳಿದವನು ನಾನು. ಮೇಜು ಒರೆಸಿದೆ, ಲೋಟ ತೊಳೆದೆ, ಸಪ್ಲೈ ಮಾಡಿದೆ, ಗಲ್ಲಾದಲ್ಲಿ ಕುಳಿತೆ. ಕಡೆಗೆ ದೇವರ ದಯೆಯಿಂದ ಸಣ್ಣದೊಂದು ಹೋಟೆಲಿನ ಧನಿಯೂ ಆದೆ. ಪತ್ರಿಕೆಯ ಹುಚ್ಚು ಹಿಡಿದದ್ದು ಆಮೇಲೆ. ಧನಿಯಾದ ಮೂರನೆಯ ವರುಷವೋ ನಾಲ್ಕನೆಯ ವರುಷವೋ, ಒಂದು ರಾಜ್ಯೋತ್ಸವ ಸಮಾರಂಭಕ್ಕೆ ಕಾಫಿ-ಉಪ್ಪಿಟ್ಟಿನ ಏರ್ಪಾಟನ್ನು ನಾನು ವಹಿಸಿಕೊಂಡೆನು. ಅದು ಉಚಿತ ಸೇವೆ. ಕರಪತ್ರದಲ್ಲಿ ನನ್ನ ಹೆಸರು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿತ್ತು. ಸಭಾಂಗಣಕ್ಕೆ ನನ್ನೊಡನೆ ಮೂವರು ಹುಡುಗರು ಬಂದಿದ್ದರು. ಅವರಲ್ಲೊಬ್ಬನು ಕುಂದಾಪುರದ ಕಡೆಯವನು. ಅವನ ತಂದೆ ಮೇಳವೊಂದರಲ್ಲಿ ಮದ್ದಳೆ ಬಾರಿಸುತ್ತಿದ್ದವರು. ಹುಡುಗನ ಕೈಯಲ್ಲಿಯೂ ಆ ವಿದ್ಯೆ ಇತ್ತು. ನನ್ನ ಅಡಿಗೆಮನೆಯ ಅಕ್ಕಿಹಿಟ್ಟಿನ ಡಬ್ಬಿಯ ಮೇಲೆ ಅವನ ಬೆರಳುಗಳು ಆಡತೊಡಗಿದರೆ ಭಟ್ಟರು ಸೌಟು ಹಿಡಿದೇ ನಿಂತುಬಿಡುತ್ತಿದ್ದರು.

ಅಂದಿನ ಸಮಾರಂಭದಲ್ಲಿ ಒಂದು ಯಕ್ಷಗಾನದ ತುಣುಕಿತ್ತು. ಶಾಲೆಯ ಮಕ್ಕಳು ಕಿರೀಟ ಕಟ್ಟಿಕೊಂಡು ಕುಣಿದರು. ಹಿಮ್ಮೇಳಕ್ಕೆ ಜನರಿಲ್ಲವೆಂದು ಮುದ್ರಿತ ಹಾಡನ್ನು ಯಂತ್ರದಲ್ಲಿ ಹಾಕಿದ್ದರು. ನಡುವೆ ಅದು ಎರಡು ಸಲ ನಿಂತುಹೋಯಿತು. ಮಕ್ಕಳು ಕಾಲೆತ್ತಿದವರು ಎತ್ತಿದ ಹಾಗೆಯೇ ಕಕ್ಕಾಬಿಕ್ಕಿಯಾಗಿ ನಿಂತರು. ಅದೇ ಹೊತ್ತಿನಲ್ಲಿ ಆ ಹುಡುಗನು ಹಿಂಬಾಗಿಲಿನ ಬಳಿ ನನ್ನ ಹತ್ತಿರ ಬಂದು, "ಧನಿಗಳೇ, ಕಾಫಿ ಕೊಟ್ಟು ಮುಗಿಯಿತು. ಇನ್ನು ಒಳಗೆ ಹೋಗಿ ಕೂತುಕೊಳ್ಳಲೇ?" ಎಂದು ಕೇಳಿದನು. ನಾನು, "ಲೋಟ ತೊಳೆಯುವುದು ಯಾರೋ, ನಿನ್ನಪ್ಪನೇ?" ಎಂದೆನು. ಅವನು ಮರುಮಾತಾಡದೆ ನಲ್ಲಿಯ ಕಡೆಗೆ ಹೋದನು. ಚಂಡೆ-ಮದ್ದಳೆಗೆ ಜನರಿಲ್ಲವೆಂದು ವೇದಿಕೆಯ ಮೇಲೆ ಯಂತ್ರ ಹಾಡುತ್ತಿತ್ತು. ಮದ್ದಳೆಗಾರನ ಮಗನು ಹಿಂದೆ ನಿಂತು ಲೋಟ ತೊಳೆಯುತ್ತಿದ್ದನು. ಈ ವಿಪರೀತವು ಅಂದು ನನಗೆ ಹೊಳೆಯಲೇ ಇಲ್ಲ. ಹಾರ ಹಾಕಿಸಿಕೊಂಡು, ತೆಂಗಿನಕಾಯಿ ಹಿಡಿದುಕೊಂಡು ಮನೆಗೆ ಬಂದೆನು.

ಮರುವರುಷ ಆ ಹುಡುಗನು ಲೆಕ್ಕ ಚುಕ್ತಾ ಮಾಡಿಸಿಕೊಂಡು ಮುಂಬಯಿಗೆ ಹೋದನು. ಅಲ್ಲಿ ಹೋಟೆಲಿನ ಹುಡುಗರೇ ಸೇರಿ ಕಟ್ಟಿಕೊಂಡ ತಂಡವೊಂದರಲ್ಲಿ ಈಗ ಅವನೇ ಮದ್ದಳೆಗಾರನೆಂದು ಊರಿನವರೊಬ್ಬರಿಂದ ತಿಳಿಯಿತು. ಸಂಬಳಕ್ಕಾಗಿ ಅವನು ನಮ್ಮನ್ನು ಬಿಟ್ಟುಹೋದನೆಂದು ಬಹುಕಾಲ ಹೇಳಿಕೊಂಡು ತಿರುಗಿದೆನು. ಈಗ ಹಾಗೆ ಹೇಳಲು ನಾಲಗೆ ಏಳುವುದಿಲ್ಲ.

ಓದುಗ ಬಂಧುಗಳು ಇದನ್ನು ಒಬ್ಬ ಧನಿಯ ದುಡುಕು ಮಾತೆಂದು ತಿಳಿದು ಮರೆತುಬಿಡಬಾರದು. ಮಾತು ನನ್ನದಾದರೂ ಏರ್ಪಾಟು ಎಲ್ಲರದು. ನಮ್ಮ ಹೋಟೆಲುಗಳ ದಿನಚರಿಯನ್ನು ಒಮ್ಮೆ ನೋಡಿರಿ. ಬೆಳಗಿನ ನಾಲ್ಕೂವರೆಗೆ ಒಲೆ ಹತ್ತುತ್ತದೆ. ಹನ್ನೊಂದರವರೆಗೆ ತಿಂಡಿ, ಮೂರರವರೆಗೆ ಊಟ, ನಾಲ್ಕರಿಂದ ಮತ್ತೆ ತಿಂಡಿ. ಸಂಜೆ ಆರರಿಂದ ರಾತ್ರಿ ಒಂಬತ್ತೂವರೆಯವರೆಗೆ ಉಸಿರಾಡಲು ಬಿಡುವಿಲ್ಲ. ಹತ್ತೂವರೆಗೆ ಗಲ್ಲಾ ಮುಚ್ಚಿ, ನೆಲ ತೊಳೆದು, ನಾಳೆಯ ಹಿಟ್ಟನ್ನು ಎತ್ತಿಟ್ಟ ಮೇಲೆ ಮಾಣಿಯು ತನಗೆ ತಾನು ಒಡೆಯನು. ನಮ್ಮ ಉತ್ಸವದ ವೇಳೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಆರರಿಂದ ಒಂಬತ್ತೂವರೆ! ಇಡೀ ದಿನದಲ್ಲಿ ಹೋಟೆಲಿನವನು ಯಾವ ಹೊತ್ತಿಗೆ ಖಂಡಿತವಾಗಿಯೂ ಬರಲಾರನೋ ಆ ಹೊತ್ತನ್ನೇ ಆರಿಸಿ ತೆಗೆದಂತಿದೆ. ಬೇಕೆಂದು ಯಾರೂ ಹೀಗೆ ಮಾಡಿದವರಲ್ಲ. ಕಚೇರಿ ಬಿಡುವ ಹೊತ್ತನ್ನೇ ಎಲ್ಲರೂ ಬಿಡುವಾಗುವ ಹೊತ್ತೆಂದು ಭಾವಿಸಿದೆವು, ಅಷ್ಟೇ.

ಹಾಗಾದರೆ ಎಲ್ಲರಿಗೂ ಒದಗುವ ಉತ್ಸವವೆಂಬುದೊಂದು ಉಂಟೇ? ಉಂಟು. ಅದನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ನಾವು ಅನ್ನ ತಿನ್ನುತ್ತಿರುವ ಈ ನಗರವೇ ಅದನ್ನು ಪ್ರತಿವರುಷವೂ ನಮ್ಮ ಕಣ್ಣ ಮುಂದೆ ಮಾಡಿ ತೋರಿಸುತ್ತಿದೆ.

ಪೂಜೆಯ ದಿನಗಳಲ್ಲಿ ಹೋಟೆಲಿನವರಿಗೆ ದುಡಿಮೆ ಇಮ್ಮಡಿ. ಸಪ್ತಮಿ, ಅಷ್ಟಮಿ, ನವಮಿಗಳಂದು ಊರಿಗೆ ಊರೇ ಬೀದಿಯಲ್ಲಿರುವಾಗ ನಾವು ಒಳಗಿರುತ್ತೇವೆ. ಆದರೂ ಪೂಜೆಯನ್ನು ನೋಡದ ಹೋಟೆಲು ಹುಡುಗನು ಕೊಲ್ಕತ್ತಾದಲ್ಲಿ ಒಬ್ಬನೂ ಇಲ್ಲ. ನಾನು ಮಾಣಿಯಾಗಿದ್ದ ಮೊದಲ ವರುಷ, ರಾತ್ರಿ ಒಂದು ಗಂಟೆಗೆ ಬಾಗಿಲು ಹಾಕಿ, ಐದಾರು ಮಂದಿ ಹುಡುಗರು ರಾಸಬಿಹಾರಿ ಅವೆನ್ಯೂವಿನಲ್ಲಿ ನಡೆದುಹೋದೆವು. ದೇಶಪ್ರಿಯ ಪಾರ್ಕ್, ಏಕಡಾಲಿಯಾ, ಮ್ಯಾಡಾಕ್ಸ್ ಸ್ಕ್ವೇರ್ ಎಲ್ಲವನ್ನೂ ಸುತ್ತಿದೆವು. ಗಂಟೆ ಮೂರಾಗಿತ್ತು. ದೀಪಗಳು ಆರಿರಲಿಲ್ಲ, ದೇವಿಯ ಮುಂದಿನ ತೆರೆ ಬಿದ್ದಿರಲಿಲ್ಲ, ಅಕ್ಕಪಕ್ಕದಲ್ಲಿ ರಿಕ್ಷಾದವರೂ, ಆಸ್ಪತ್ರೆಯ ದಾದಿಯರೂ, ಮಕ್ಕಳನ್ನು ಹೆಗಲಿಗೇರಿಸಿಕೊಂಡ ಹಳ್ಳಿಯವರೂ ಇದ್ದರು. "ಈಗೇಕೆ ಬಂದಿರಿ, ಎಲ್ಲ ಮುಗಿಯಿತು" ಎಂದು ನಮಗೆ ಯಾರೂ ಹೇಳಲಿಲ್ಲ. ಅಂದು ನಮ್ಮ ಅಂಗಿಗಳಲ್ಲಿ ಸಾಂಬಾರಿನ ವಾಸನೆ ಇತ್ತು, ಕಾಲು ನೋಯುತ್ತಿತ್ತು. ಆದರೂ ಈ ಊರು ನಮ್ಮನ್ನೂ ಲೆಕ್ಕಕ್ಕೆ ತೆಗೆದುಕೊಂಡಿದೆ ಎಂದು ಮೊತ್ತಮೊದಲಿಗೆ ಅನ್ನಿಸಿದ್ದು ಆ ರಾತ್ರಿ.

ಈ ಔದಾರ್ಯವು ಆಕಾಶದಿಂದ ಇಳಿದುಬಂದದ್ದಲ್ಲ. ಒಂದಾನೊಂದು ಕಾಲದಲ್ಲಿ ಇಲ್ಲಿಯೂ ಪೂಜೆಯು ಸಿರಿವಂತರ ಅಂಗಳದ್ದಾಗಿತ್ತು. ಶೋಭಾಬಜಾರಿನ ರಾಜಬಾಡಿಯಲ್ಲಿ ನವಕೃಷ್ಣ ದೇವರು 1757ರಲ್ಲಿ ಆರಂಭಿಸಿದ ಪೂಜೆಯು ಅಂಥದು. ಆಹ್ವಾನವಿದ್ದ ದೊಡ್ಡವರಿಗೆ ಅಲ್ಲಿ ಮೇಲ್ಪಂಕ್ತಿ. ಹೂಗ್ಲಿ ಜಿಲ್ಲೆಯ ಗುಪ್ತಿಪಾಡಾ ಎಂಬ ಊರಿನಲ್ಲಿ ಹನ್ನೆರಡು ಮಂದಿ ಗೆಳೆಯರು, ಸಿರಿವಂತರ ಮನೆಯ ಪೂಜೆಯಲ್ಲಿ ತಮಗೆ ಪ್ರವೇಶ ದೊರೆಯದಿರಲು, ತಾವೇ ಮನೆಮನೆಯಿಂದ ಚಂದಾ ಎತ್ತಿ ದೇವಿಯ ಪೂಜೆ ನಡೆಸಿದರಂತೆ. ಅದು 1790ರ ಸುಮಾರಿನ ಮಾತೆಂದು ಹೇಳುವುದು ರೂಢಿ. 'ಬಾರೋ' ಎಂದರೆ ಹನ್ನೆರಡು, 'ಯಾರ್' ಎಂದರೆ ಗೆಳೆಯ. ಇವೆರಡೂ ಸೇರಿ 'ಬಾರೋಯಾರಿ' ಪೂಜೆಯೆಂಬ ಹೆಸರಾಯಿತು. ಮುಂದೆ ಇಪ್ಪತ್ತನೆಯ ಶತಮಾನದಲ್ಲಿ ಅದು 'ಸಾರ್ವಜನೀನ' ಪೂಜೆಯಾಗಿ ಬೆಳೆಯಿತು. 1919ರಲ್ಲಿ ಮೊದಲಾದ ಬಾಗಬಜಾರಿನ ಪೂಜೆಗೆ ಸುಭಾಷಚಂದ್ರ ಬೋಸರೂ ಒಮ್ಮೆ ಅಧ್ಯಕ್ಷರಾಗಿದ್ದರು. ಹೀಗೆ ಬೆಳೆದ ಕೊಲ್ಕತ್ತಾದ ದುರ್ಗಾಪೂಜೆಯನ್ನು 2021ರ ಡಿಸೆಂಬರಿನಲ್ಲಿ ಯುನೆಸ್ಕೋ ಸಂಸ್ಥೆಯು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರ ಬೇರಿನಲ್ಲಿರುವುದು ಬಾಗಿಲಿನ ಹೊರಗೆ ನಿಂತ ಹನ್ನೆರಡು ಮಂದಿಯ ಮಾನಾಭಿಮಾನ.

ಪೂಜೆಯಲ್ಲಿ ಕೊರತೆಗಳೇ ಇಲ್ಲವೆಂದು ನಾನು ಹೇಳಲಾರೆ. ಚಪ್ಪರಗಳ ಮೇಲೆ ದೇವಿಗಿಂತ ದೊಡ್ಡದಾಗಿ ಕಂಪನಿಗಳ ಫಲಕಗಳು ಏರಿವೆ. ಜಿಲ್ಲೆಗಳಿಂದ ಬಂದ ಬಡ ಢಾಕಿಗಳು ಸಿಯಾಲದಾ ನಿಲ್ದಾಣದ ಹೊರಗೆ ಡೋಲು ಬಾರಿಸುತ್ತ, ಕರೆದೊಯ್ಯುವವರಿಗಾಗಿ ಕಾದು ನಿಲ್ಲುವುದನ್ನೂ, ಕರೆಯ ಬಂದವರು ಅವರೊಡನೆ ಚೌಕಾಶಿ ಮಾಡುವುದನ್ನೂ ನೀವೆಲ್ಲರೂ ಕಂಡಿದ್ದೀರಿ. ಆದರೂ ಢಾಕ್ ಬಾರಿಸುವವನು ದೇವಿಯ ಎದುರಿಗೇ ನಿಂತು ಬಾರಿಸುತ್ತಾನೆ. ಅವನ ಬದಲಿಗೆ ಯಂತ್ರವನ್ನಿಟ್ಟು, ಅವನನ್ನು ಲೋಟ ತೊಳೆಯಲು ಕಳುಹಿಸುವ ಪದ್ಧತಿ ಇಲ್ಲ.

ಇನ್ನು ನಮ್ಮ ಸ್ವಂತ ಸಂಪ್ರದಾಯವು ಏನು ಹೇಳುತ್ತದೆ? ಕರಾವಳಿಯ ಬಯಲಾಟವನ್ನು ನೆನೆಯಿರಿ. ಗದ್ದೆಯ ಕೊಯ್ಲು ಮುಗಿದ ಮೇಲೆ ಮೇಳಗಳು ತಿರುಗಾಟಕ್ಕೆ ಹೊರಡುತ್ತಿದ್ದುವು. ಉಳುವವನು, ಮೀನು ಹಿಡಿಯುವವನು, ಅಂಗಡಿಯವನು ಎಲ್ಲರೂ ಕೆಲಸ ಮುಗಿಸಿ, ಉಂಡು, ಚಾಪೆ ಸುತ್ತಿಕೊಂಡು ಬರುವವರೆಗೆ ಚಂಡೆಯ ಸದ್ದು ಕರೆಯುತ್ತಲೇ ಇರುತ್ತಿತ್ತು. ಆಟವು ರಾತ್ರಿಯಿಡೀ ನಡೆದು ಬೆಳಗಿಗೆ ಮಂಗಳ. ಬಂಗಾಲದ ಜಾತ್ರಾ ನಾಟಕವೂ ಹೀಗೆಯೇ. ಚಿತ್ಪುರ ರಸ್ತೆಯಲ್ಲಿ ಅದರ ಕಂಪನಿಗಳ ಕಚೇರಿಗಳಿವೆ. ರಥಯಾತ್ರೆಯ ದಿನ ಮುಂಗಡ ಹಿಡಿದು, ಪೂಜೆಯಿಂದಾಚೆಗೆ ಹಳ್ಳಿಗಾಡಿನಲ್ಲಿ ತಿರುಗುವವರು ಅವರು. ಸುತ್ತಲೂ ಜನ, ನಡುವೆ ರಂಗ, ರಾತ್ರಿಯ ಹೊತ್ತು. ದುಡಿಯುವ ಜನರ ಕಲೆಯು ದುಡಿಮೆ ಮುಗಿದ ಮೇಲೆ ಆರಂಭವಾಗುವುದೆಂಬ ಈ ಸಣ್ಣ ಸತ್ಯವು ನಮ್ಮ ಅಜ್ಜಂದಿರಿಗೂ ಗೊತ್ತಿತ್ತು, ಬಂಗಾಲಿಗಳ ಅಜ್ಜಂದಿರಿಗೂ ಗೊತ್ತಿತ್ತು. ಪಟ್ಟಣ ಸೇರಿ ಸಂಘ ಕಟ್ಟಿದ ನಾವು ಮಾತ್ರ ಅದನ್ನು ಮರೆತೆವು.

ಶಾಸ್ತ್ರೀಯ ಸಂಗೀತವೂ ಇಲ್ಲಿ ರಾತ್ರಿಯನ್ನು ಬಿಟ್ಟುಕೊಟ್ಟಿಲ್ಲ. 1952ರಲ್ಲಿ ಆರಂಭವಾದ ಡೋವರ್ ಲೇನ್ ಸಂಗೀತ ಸಮ್ಮೇಳನದಲ್ಲಿ ಜನವರಿಯ ಚಳಿಯಲ್ಲಿ ಕಂಬಳಿ ಹೊದ್ದು ಕುಳಿತ ಶ್ರೋತೃಗಳು ಬೆಳಗಿನ ರಾಗಗಳನ್ನು ಕೇಳಿಯೇ ಏಳುವರು. ಅಂತಹ ಸಭೆಗಳಲ್ಲಿ ಹಾಡಿ ಈ ನಗರದ ಮನಸ್ಸನ್ನು ಗೆದ್ದವರಲ್ಲಿ ಭೀಮಸೇನ ಜೋಶಿಯವರೊಬ್ಬರು. ಅವರ ಬಾಲ್ಯದ ಸಂಗತಿಯೊಂದು ಪ್ರಸಿದ್ಧವಾದದ್ದು. ಗದಗಿನ ಕಡೆಯ ಆ ಹುಡುಗನು 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಗುರುವನ್ನರಸಿ ಮನೆ ಬಿಟ್ಟುಹೋದನಷ್ಟೆ. ಹಾಗೆ ಊರೂರು ಅಲೆಯುತ್ತ ಕಲ್ಕತ್ತೆಗೂ ಬಂದು, ಚಲಚ್ಚಿತ್ರ ನಟರಾದ ಪಹಾಡಿ ಸಾನ್ಯಾಲರ ಮನೆಯಲ್ಲಿ ಕೆಲಸದ ಹುಡುಗನಾಗಿದ್ದನು. ಮುಂದೆ ಭೀಮಸೇನರು ದೊಡ್ಡ ಗಾಯಕರಾಗಿ ಇಲ್ಲಿಗೆ ಹಾಡಲು ಬಂದಾಗ, ತಮ್ಮ ಮನೆಯಲ್ಲಿದ್ದ ಹುಡುಗನೇ ಇವರೆಂದು ತಿಳಿದು ಸಾನ್ಯಾಲರು ಬೆರಗಾದರಂತೆ. 2008ರಲ್ಲಿ ಅವರಿಗೆ ಭಾರತರತ್ನ ಘೋಷಣೆಯಾಯಿತು. ನಮ್ಮ ಎಲ್ಲ ಮಾಣಿಗಳೂ ಭೀಮಸೇನರಾಗುವರೆಂದು ನಾನು ಹೇಳುತ್ತಿಲ್ಲ. ಕಾಫಿಯ ಪಾತ್ರೆಯ ಹಿಂದೆ ನಿಂತವನು ಯಾರೆಂದು ನಮಗೆ ತಿಳಿಯದು. ತಿಳಿಯುವ ಪ್ರಯತ್ನವನ್ನೂ ನಾವು ಮಾಡುವುದಿಲ್ಲ. ಇಷ್ಟೇ ನನ್ನ ಮಾತಿನ ಅರ್ಥ.

ರಾಜ್ಯೋತ್ಸವದ ಭಾಷಣಗಳಲ್ಲಿ ಕನ್ನಡ-ಬಂಗಾಲಗಳ ಬಾಂಧವ್ಯದ ಮಾತು ಬಂದೇ ಬರುತ್ತದೆ; ಬರಬೇಕಾದದ್ದೂ ಹೌದು. ರವೀಂದ್ರನಾಥ ಠಾಕೂರರು ತಾರುಣ್ಯದಲ್ಲಿ, 1883ರಲ್ಲಿ, ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರೊಡನೆ ನಮ್ಮ ಕಾರವಾರದ ಕಡಲ ತೀರದಲ್ಲಿ ಉಳಿದು ನಾಟಕವೊಂದನ್ನು ಬರೆದರು. ಅವರ ಸೋದರಿಯ ಮಗಳಾದ ಸರಳಾದೇವಿಯವರು ಮೈಸೂರಿನ ಮಹಾರಾಣಿಯವರ ಶಾಲೆಯಲ್ಲಿ ಕೆಲವು ಕಾಲ ಕೆಲಸ ಮಾಡಿ, ಅಲ್ಲಿನ ಹಾಡುಗಳನ್ನು ಕಲಿತು ತಂದು ಮಾವನಿಗೆ ಕಾಣಿಕೆಯಾಗಿ ಕೊಟ್ಟರು. 'ಆನಂದಲೋಕೇ ಮಂಗಲಾಲೋಕೇ' ಎಂಬ ರವೀಂದ್ರಗೀತೆಯು ಅಂತಹ ಮೈಸೂರಿನ ಧಾಟಿಯಿಂದ ಮೂಡಿದ್ದು. ನಮ್ಮವರಾದರೂ ಇಲ್ಲಿಗೆ ಬಂದು ಬರಿಗೈಯಲ್ಲಿ ಹಿಂತಿರುಗಿದವರಲ್ಲ. ಬಂಕಿಮಚಂದ್ರರ ಕಾದಂಬರಿಗಳನ್ನು ಬಿ. ವೆಂಕಟಾಚಾರ್ಯರು ಬಂಗಾಲಿ ಕಲಿತು ಕನ್ನಡಕ್ಕೆ ತಂದರು. ಮೈಸೂರಿನ ಕೆ. ವೆಂಕಟಪ್ಪನವರು 1909ರಿಂದ ಕೆಲವು ವರುಷ ಇಲ್ಲಿನ ಕಲಾಶಾಲೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ ಚಿತ್ರಕಲೆಯನ್ನು ಕಲಿತರು. ಕುವೆಂಪು ಅವರು 1929ರಲ್ಲಿ ಗಂಗೆಯ ಆಚೆ ದಡದ ಬೇಲೂರು ಮಠಕ್ಕೆ ಬಂದು ಸ್ವಾಮಿ ಶಿವಾನಂದರಿಂದ ದೀಕ್ಷೆ ಪಡೆದರು. ಗಿರೀಶ ಕಾರ್ನಾಡರ 'ತುಘಲಕ್' ಇಲ್ಲಿ ಬಂಗಾಲಿಯಲ್ಲಿ ರಂಗವೇರಿದಾಗ ಮುಖ್ಯಪಾತ್ರ ವಹಿಸಿದವರು ಶಂಭು ಮಿತ್ರರು.

ಇವೆಲ್ಲ ಹೆಮ್ಮೆಯ ಮಾತುಗಳೇ. ಆದರೆ ಇವನ್ನು ನಾವು ಪ್ರತಿವರುಷವೂ ಯಾರಿಗೆ ಹೇಳುತ್ತಿದ್ದೇವೆ? ಮೊದಲೇ ತಿಳಿದವರಿಗೆ, ಮುಂದಿನ ಮೂರು ಸಾಲುಗಳಲ್ಲಿ ಕುಳಿತವರಿಗೆ. ಬೈಶಾಖದ ಇಪ್ಪತ್ತೈದರಂದು ಪಾಡೆಯ ಮಕ್ಕಳು ಬೀದಿಯ ಮೂಲೆಯಲ್ಲಿ ಹಾರ್ಮೋನಿಯಂ ಇಟ್ಟುಕೊಂಡು ರವೀಂದ್ರಗೀತೆ ಹಾಡುವಾಗ, ಎದುರಿನ ಹೋಟೆಲಿನ ಬಾಗಿಲಿನಲ್ಲಿ ಕನ್ನಡದ ಹುಡುಗನೊಬ್ಬನು ಟ್ರೇ ಹಿಡಿದು ನಿಂತು ಕೇಳುತ್ತಾನೆ. ಆ ಹಾಡುಗಳಲ್ಲೊಂದರ ಧಾಟಿ ತನ್ನ ನಾಡಿನಿಂದ ಬಂದದ್ದೆಂದು ಅವನಿಗೆ ಯಾರೂ ಹೇಳಿಲ್ಲ. ಹೇಳಿದ್ದರೆ ಅವನು ತುಸು ತಲೆಯೆತ್ತಿ ನಿಲ್ಲುತ್ತಿದ್ದನು. ಹತ್ತಾರು ವರುಷ ಈ ಊರಿನಲ್ಲಿ ದುಡಿದು, ಇಲ್ಲಿನವನೂ ಆಗದೆ ಊರಿನವನೂ ಆಗಿ ಉಳಿಯದೆ ಹಿಂತಿರುಗುವ ಹುಡುಗರಿಗೆ ಆ ಒಂದು ಅರಿವು ಸಣ್ಣ ಆಸ್ತಿಯಲ್ಲ.

ನನ್ನ ಸೂಚನೆಗೆ ಬರುವ ಆಕ್ಷೇಪಗಳನ್ನು ಬಲ್ಲೆನು. ಗುಮಾಸ್ತ ಬಂಧುಗಳು, "ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಅರ್ಧರಾತ್ರಿಯಲ್ಲಿ ಮನೆಗೆ ಹೋಗುವುದು ಹೇಗೆ?" ಎನ್ನುವರು. ಮಾತು ನಿಜ. ಆದುದರಿಂದ ಸಂಜೆಯ ಸಭೆಯನ್ನು ಕಿತ್ತುಹಾಕಬೇಕೆಂದು ನಾನು ಹೇಳುವುದಿಲ್ಲ. ಮಕ್ಕಳ ಹಾಡು ಕುಣಿತ, ಸನ್ಮಾನ, ಭಾಷಣ ಎಲ್ಲವೂ ಸಂಜೆಗೇ ಇರಲಿ. ರಾತ್ರಿ ಹತ್ತರ ಬಳಿಕ ಧ್ವನಿವರ್ಧಕ ಕೂಡದೆಂಬ ಕಾನೂನನ್ನು ಕೆಲವರು ಮುಂದೊಡ್ಡುವರು. ಮುಚ್ಚಿದ ಸಭಾಂಗಣದೊಳಗಿನ ಕಾರ್ಯಕ್ರಮಕ್ಕೆ ಆ ಕಾನೂನಿನಲ್ಲಿಯೇ ಅವಕಾಶವಿದೆ. ನಾನು ಸೂಚಿಸಲಿರುವ ಕಾರ್ಯಕ್ರಮಕ್ಕಂತೂ ಧ್ವನಿವರ್ಧಕವೇ ಬೇಡ. ರಾತ್ರಿಯಿಡೀ ಸಭಾಂಗಣವನ್ನು ಹಿಡಿದರೆ ಬಾಡಿಗೆ ಹೆಚ್ಚಾಗುವುದೆಂದು ಖಜಾಂಚಿಗಳು ಹೇಳುವರು. ಅದಕ್ಕೂ ಉತ್ತರವಿದೆ.

ಆ ಉತ್ತರವೇ ತಾಳಮದ್ದಳೆ. ಬಣ್ಣ ಬೇಡ, ವೇಷ ಬೇಡ, ಚೌಕಿ ಬೇಡ, ರಂಗಸ್ಥಳವೂ ಬೇಡ. ಒಬ್ಬ ಭಾಗವತ, ಮದ್ದಳೆಗೊಬ್ಬ, ಚಂಡೆಗೊಬ್ಬ, ಅರ್ಥ ಹೇಳಲು ನಾಲ್ಕೈದು ಮಂದಿ, ಕುಳಿತುಕೊಳ್ಳಲು ಒಂದು ಜಮಖಾನೆ. ಇಷ್ಟಿದ್ದರೆ ಕುರುಕ್ಷೇತ್ರವೇ ಕಣ್ಣೆದುರಿಗೆ ಬರುತ್ತದೆ. ಊರಿನಲ್ಲಿ ಮಳೆಗಾಲದ ರಾತ್ರಿಗಳಲ್ಲಿ ಮನೆಗಳ ಚಾವಡಿಗಳಲ್ಲಿ ನಡೆಯುತ್ತಿದ್ದುದು ಇದೇ. ನಮ್ಮ ಹೋಟೆಲುಗಳ ಊಟದ ಕೋಣೆಯು ಚಾವಡಿಗಿಂತ ಚಿಕ್ಕದಲ್ಲ. ಮೇಜುಗಳನ್ನು ಗೋಡೆಗೆ ಸರಿಸಿ, ನೆಲ ಒರೆಸಿ, ದೀಪ ಹಚ್ಚಿದರೆ ಆಯಿತು. ಕೊಲ್ಕತ್ತಾದ ಕನ್ನಡಿಗರ ಅತ್ಯಂತ ಅಗ್ಗದ ಸಭಾಂಗಣವು ನಮ್ಮ ಕಣ್ಣೆದುರಿಗೇ ಇದೆ. ಅದಕ್ಕೆ ಬಾಡಿಗೆ ಕೊಡಬೇಕಾಗಿಲ್ಲ. ಬಯಲುಸೀಮೆಯ ಹುಡುಗರಿಗೆ ಯಕ್ಷಗಾನದ ರುಚಿ ಇಲ್ಲದಿದ್ದರೆ ಅವರು ತಮ್ಮ ಗೀಗೀ ಪದವನ್ನೋ, ಭಜನೆಯನ್ನೋ ಹಾಡಲಿ. ರಾತ್ರಿ ಉದ್ದವಾಗಿದೆ; ಎಲ್ಲರಿಗೂ ಸರದಿ ಬರುವುದು.

ಆದುದರಿಂದ ನಾಲ್ಕು ಸೂಚನೆಗಳನ್ನು ಸಮಾಜದ ಮುಂದಿಡುತ್ತೇನೆ.

ಮೊದಲನೆಯದು, ರಾಜ್ಯೋತ್ಸವಕ್ಕೆ ಸೇರಿದ ಒಂದು ರಾತ್ರಿಯನ್ನು, ಹನ್ನೊಂದರಿಂದ ಬೆಳಗಿನವರೆಗೆ, ಹೋಟೆಲು ಕೆಲಸಗಾರರಿಗೆಂದೇ ಇಡಬೇಕು. ಗುಮಾಸ್ತರೂ ಅಂದು ಬರಬಹುದು. ಆದರೆ ಮುಂದಿನ ಸಾಲು ಮಾಣಿಗಳದು, ಭಟ್ಟರದು, ಲೋಟ ತೊಳೆಯುವವರದು.

ಎರಡನೆಯದು, ಆ ರಾತ್ರಿಯ ಮರುದಿನ ಬೆಳಗಿನ ತಿಂಡಿಗೆ ಹೋಟೆಲುಗಳ ಬಾಗಿಲು ಹಾಕಿರಬೇಕು. ಹನ್ನೊಂದಕ್ಕೆ ತೆರೆದರೆ ಸಾಕು. ಇಡ್ಲಿಯ ವ್ಯಾಪಾರ ತಪ್ಪುವುದೆಂದು ಧನಿಗಳು ಹೇಳಬಹುದು. ನಾನೂ ಧನಿಯೇ; ಲೆಕ್ಕ ನನಗೂ ಗೊತ್ತು. ವರುಷಕ್ಕೆ ಒಂದು ಬೆಳಗಿನ ವ್ಯಾಪಾರ ಹೋದರೆ ಯಾವ ಹೋಟೆಲೂ ಮುಳುಗದು. ಸ್ಮರಣ ಸಂಚಿಕೆಯಲ್ಲಿ ನಮ್ಮ ಭಾವಚಿತ್ರ ಹಾಕಿಸಲು ಕೊಡುವ ಹಣಕ್ಕಿಂತ ಈ ನಷ್ಟವು ಬಹಳ ಹೆಚ್ಚಾಗಲಾರದು. ಗಿರಾಕಿಗಳಿಗೆ ಕಾರಣವನ್ನು ಬಂಗಾಲಿಯಲ್ಲಿ ಬರೆದು ಬಾಗಿಲಿಗೆ ಅಂಟಿಸಿದರೆ, ಹಬ್ಬಕ್ಕೆ ಅಂಗಡಿ ಮುಚ್ಚುವುದನ್ನು ಈ ಊರಿನವರಷ್ಟು ಚೆನ್ನಾಗಿ ಅರ್ಥಮಾಡಿಕೊಳ್ಳುವವರು ಬೇರಿಲ್ಲ.

ಮೂರನೆಯದು, ಅಂದಿನ ಕಾಫಿ-ತಿಂಡಿಯನ್ನು ಧನಿಗಳೂ ಗುಮಾಸ್ತರೂ ಹಂಚಬೇಕು. ಪಾಡೆಯ ಪೂಜೆಯಲ್ಲಿ ಭೋಗದ ಖಿಚಡಿಯನ್ನು ಸಮಿತಿಯವರೇ ನಡು ಬಗ್ಗಿಸಿ ಬಡಿಸುವುದಿಲ್ಲವೇ? ಲೋಟಗಳನ್ನೂ ನಾವೇ ತೊಳೆಯೋಣ. ನನ್ನ ಮಟ್ಟಿಗೆ ಅದು ಸೇವೆಯಲ್ಲ, ಹಳೆಯ ಬಾಕಿ.

ನಾಲ್ಕನೆಯದು, ಕಾರ್ಯಕಾರಿ ಸಮಿತಿಯ ಅರ್ಧ ಸ್ಥಾನಗಳು ಕೆಲಸಗಾರರಿಗೆ ಇರಬೇಕು. ಸಮಿತಿಯ ಸಭೆಯು ಮಧ್ಯಾಹ್ನ ಮೂರರಿಂದ ನಾಲ್ಕರೊಳಗೆ, ಅವರಿಗೆ ಬಿಡುವಿರುವಾಗ, ನಡೆಯಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಇದು. ವೇಳೆಯನ್ನು ಗೊತ್ತುಮಾಡುವ ಕಡೆ ಅವರಿದ್ದರೆ ಉಳಿದ ಮೂರೂ ತಾವಾಗಿಯೇ ಬರುವುವು.

ಕಡೆಯದಾಗಿ ಕೆಲಸಗಾರ ಬಂಧುಗಳಿಗೂ ಒಂದು ಮಾತು. ಈ ಲೇಖನ ಓದಿ, ಯಾರಾದರೂ ಕರೆದಾರೆಂದು ಕಾದು ಕುಳಿತುಕೊಳ್ಳಬೇಡಿರಿ. ಗುಪ್ತಿಪಾಡಾದ ಹನ್ನೆರಡು ಮಂದಿಯನ್ನು ಯಾರೂ ಕರೆಯಲಿಲ್ಲ. ನಾವು ಪತ್ರಿಕೆಗೂ ಚಂದಾ ಎನ್ನುತ್ತೇವೆ, ಉತ್ಸವಕ್ಕೂ ಚಂದಾ ಎನ್ನುತ್ತೇವೆ. ಬಂಗಾಲಿಗಳೂ ಅದೇ ಮಾತನ್ನು ಆಡುತ್ತಾರೆ. ಚಂದಾ ಕೊಟ್ಟವನಿಗೆ ಆ ವಸ್ತುವಿನಲ್ಲಿ ಪಾಲುಂಟು. ಧನಿಯ ಹೆಸರಿನಲ್ಲಿ ಒಟ್ಟಾಗಿ ಕೊಡುವ ಬದಲು, ನಿಮ್ಮ ಶಕ್ತಿಗೆ ತಕ್ಕ ಹತ್ತೋ ಇಪ್ಪತ್ತೋ ರೂಪಾಯಿಗಳನ್ನು ನಿಮ್ಮ ನಿಮ್ಮ ಹೆಸರಿನಲ್ಲಿಯೇ ಕೊಟ್ಟು ರಶೀದಿ ಪಡೆಯಿರಿ. ಆ ರಶೀದಿಯನ್ನು ಹಿಡಿದು ಸಭೆಗೆ ಹೋಗಿ, "ನಮ್ಮ ಉತ್ಸವವು ಎಷ್ಟು ಗಂಟೆಗೆ?" ಎಂದು ಕೇಳಿರಿ.

ನನ್ನ ಹೋಟೆಲಿನ ಊಟದ ಕೋಣೆಯನ್ನು ಈ ವರುಷ ಆ ಒಂದು ರಾತ್ರಿಗೆ ಬಿಟ್ಟುಕೊಡುವೆನೆಂದು ಇಲ್ಲಿ ಬರೆದುಕೊಡುತ್ತೇನೆ; ಮರುದಿನದ ಬೆಳಗಿನ ಬಾಗಿಲು ಮುಚ್ಚಿರುವುದು. ಮದ್ದಳೆಯೊಂದನ್ನು ಊರಿನಿಂದ ತರಿಸಿಯಾಗಿದೆ. ಮುಂಬಯಿಗೂ ಒಂದು ಕಾಗದ ಬರೆದಿದ್ದೇನೆ. ಅವನು ಬರುವನೋ ಇಲ್ಲವೋ ಹೇಳಲಾರೆ. ಬಾರದಿದ್ದರೆ ಅವನ ತಪ್ಪಲ್ಲ. ಬಂದರೆ ಅಂದು ಅವನು ಒಳಗೆ ಕುಳಿತುಕೊಳ್ಳುವನು, ಲೋಟ ತೊಳೆಯುವವನು ನಾನು.